ಗಾಲಿಗೆ ಬಳೆ ತೊಡಿಸುವ ವಿದ್ಯೆ

(ಉಪನ್ಯಾಸದ ಬರಹ ರೂಪ)

ಬಳೆಗಾರನ ಮುಂದೆ ಕೈ ಚಾಚಿ ಕುಳಿತ ಹೆಣ್ಣುಮಗಳನ್ನು ಎಲ್ಲರೂ ಕಂಡಿದ್ದಾರೆ. ಗಾಜಿನ ಬಳೆಯ ಬಾಯಿ ಚಿಕ್ಕದು, ಅಂಗೈಯ ಅಗಲ ದೊಡ್ಡದು. ಬಳೆಗಾರ ಅಲ್ಲಿ ಬಲ ಹಾಕುವುದಿಲ್ಲ. ಬಲ ಹಾಕಿದರೆ ಬಳೆ ಒಡೆಯುತ್ತದೆ, ಕೈ ಕೊಯ್ಯುತ್ತದೆ. ಅವನು ಹೆಬ್ಬೆರಳಿನ ಬುಡವನ್ನು ಅಂಗೈಯೊಳಕ್ಕೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಹಿಡಿದು, ಕೈಯನ್ನೇ ಒಂದು ಗಳಿಗೆ ಚಿಕ್ಕದು ಮಾಡುತ್ತಾನೆ. ಬಳೆ ಸಲೀಸಾಗಿ ದಾಟಿಕೊಳ್ಳುತ್ತದೆ. ದಾಟಿದ ಮೇಲೆ ಕೈ ತನ್ನ ಅಗಲಕ್ಕೆ ಮರಳುತ್ತದೆ; ಬಳೆ ತಾನಾಗಿ ಜಾರಿ ಬೀಳುವುದಿಲ್ಲ.

ಹೆದ್ದಾರಿ ಬದಿಯ ಪಂಚರ್ ಅಂಗಡಿಯಲ್ಲಿ ಮೋಟಾರ್ ಸೈಕಲ್ಲಿಗೆ ಹೊಸ ಟೈರು ಹಾಕುವವನ ಮುಂದಿರುವುದೂ ಇದೇ ಸಮಸ್ಯೆ. ಟೈರಿನ ಎರಡೂ ಅಂಚುಗಳೊಳಗೆ ಉಕ್ಕಿನ ತಂತಿಯ ಸುತ್ತು ಇರುತ್ತದೆ. ಅದಕ್ಕೆ ಬೀಡ್ ಎಂದು ಹೆಸರು. ಈ ತಂತಿ ಹಿಗ್ಗುವುದಿಲ್ಲ; ಹಿಗ್ಗಬಾರದೆಂದೇ ಅದನ್ನು ಅಲ್ಲಿ ಇಟ್ಟಿರುವುದು. 18 ಇಂಚಿನ ಗಾಲಿಯ ಟೈರಿನಲ್ಲಿ ಈ ಬಳೆಯ ಅಡ್ಡಳತೆ ಸುಮಾರು 457 ಮಿಲಿಮೀಟರು. ಅದು ದಾಟಬೇಕಾದ ರಿಮ್ಮಿನ ಹೊರ ಅಂಚು ಅದಕ್ಕಿಂತ ಸುಮಾರು ಎರಡೂವರೆ ಸೆಂಟಿಮೀಟರಿನಷ್ಟು ದೊಡ್ಡದು. ಹಿಗ್ಗದ ಚಿಕ್ಕ ಬಳೆ, ಬಗ್ಗದ ದೊಡ್ಡ ಗಾಲಿಯನ್ನು ದಾಟುವುದು ಹೇಗೆ?

ಟೈರಿನ ಚರಿತ್ರೆಯೆಂದರೆ ಹೆಚ್ಚುಕಡಿಮೆ ಈ ಒಂದು ಪ್ರಶ್ನೆಗೆ ಸಿಕ್ಕ ಉತ್ತರಗಳ ಚರಿತ್ರೆ. ಗಾಳಿ ತುಂಬಿದ ಟೈರನ್ನು ಮಾಡಿದವನ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಬರೀ ಗಾಳಿಯಿಂದ ಟೈರು ಲೋಕವನ್ನು ಗೆಲ್ಲಲಿಲ್ಲ. ಅದನ್ನು ದಾರಿಯ ಬದಿಯಲ್ಲೇ ಬಿಚ್ಚಿ, ಸರಿಪಡಿಸಿ, ಮತ್ತೆ ತೊಡಿಸುವ ಉಪಾಯ ಸಿಕ್ಕ ಮೇಲೆಯೇ ಅದು ಜನಸಾಮಾನ್ಯರ ವಸ್ತುವಾಯಿತು. ಆ ಉಪಾಯ ಏನು, ಅದು ಹೇಗೆ ಬಂತು, ಇಂದು ಅದರಿಂದ ಯಾರಿಗೆ ಏನಾಗಬೇಕು ಎಂಬುದೇ ಈ ಮಾತಿನ ವಿಷಯ.

ಮೊದಲ ಉತ್ತರ ಬೆಂಕಿಯದು. ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಹಳಿ ಏರಿಸುವ ಕೆಲಸವನ್ನು ಹಳ್ಳಿಯಲ್ಲಿ ಬೆಳೆದವರು ಬಲ್ಲರು. ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿಯೇ ಬೆಸೆದಿರುತ್ತಾರೆ. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಕಬ್ಬಿಣ ಹಿಗ್ಗುತ್ತದೆ. ಇಕ್ಕಳಗಳಲ್ಲಿ ಹಿಡಿದು ಗಾಲಿಯ ಮೇಲೆ ಇಳಿಸಿ, ಮರ ಹತ್ತಿಕೊಳ್ಳುವ ಮೊದಲೇ ನೀರು ಹೊಯ್ಯುತ್ತಾರೆ. ಚುಂಯ್ ಎಂದು ಹಬೆ ಏಳುತ್ತದೆ, ಕಬ್ಬಿಣ ಕುಗ್ಗುತ್ತದೆ, ಅರಗಳನ್ನೂ ನಡುವಿನ ಗುಂಬವನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಟೈರ್ ಎಂಬ ಮಾತಿಗೆ ಮೊದಲು ಇದ್ದ ಅರ್ಥವೂ ಗಾಲಿಯ ಈ ಲೋಹದ ಪಟ್ಟಿಯೇ. ಉಡುಪು ಎಂಬರ್ಥದ ಪದದಿಂದ ಅದು ಬಂತೆಂದು ನಿಘಂಟುಕಾರರು ಹೇಳುತ್ತಾರೆ: ಗಾಲಿಗೆ ತೊಡಿಸಿದ ಉಡುಪು.

ಜರ್ಮನಿಯ ಗಾಟ್ಲೀಬ್ ಡೈಮ್ಲರ್ 1885ರಲ್ಲಿ ತಯಾರಿಸಿದ, ಮೊದಲ ಪೆಟ್ರೋಲ್ ಮೋಟಾರ್ ಸೈಕಲ್ ಎಂದು ಹೆಸರಾದ ವಾಹನಕ್ಕೂ ಇದ್ದದ್ದು ಕಬ್ಬಿಣದ ಪಟ್ಟಿ ಬಿಗಿದ ಮರದ ಗಾಲಿಗಳೇ. ಕಲ್ಲುಹಾಸಿನ ರಸ್ತೆಯಲ್ಲಿ ಅದರ ಮೇಲೆ ಕುಳಿತವರ ಪಾಡನ್ನು ಯಾರೂ ಊಹಿಸಬಹುದು.

ರಬ್ಬರು ಬಳಕೆಗೆ ಬರಲು ಇನ್ನೊಂದು ಬೆಂಕಿ ಬೇಕಾಯಿತು. ಮರದಿಂದ ಇಳಿಸಿದ ಹಾಲಿನ ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಗಡುಸಾಗುತ್ತದೆ. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಎರಡು ದೋಷವೂ ಹೋಗುತ್ತವೆ ಎಂದು ತೋರಿಸಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ. ರೋಮನ್ನರ ಅಗ್ನಿದೇವ ವಲ್ಕನ್‌ನ ಹೆಸರಿನಿಂದ ಈ ಕ್ರಿಯೆಗೆ ವಲ್ಕನೈಸಿಂಗ್ ಎಂಬ ಹೆಸರು ಬಂತು. ಊರೂರ ಪಂಚರ್ ಅಂಗಡಿಗಳ ಬೋರ್ಡಿನ ಮೇಲೆ ನಾನಾ ಕಾಗುಣಿತಗಳಲ್ಲಿ ಕಾಣುವ ಪದ ಇದೇ. ರೋಮಿನ ದೇವರೊಬ್ಬ ಹೀಗೆ ನಮ್ಮ ರಸ್ತೆ ಬದಿಯಲ್ಲಿ ನೆಲೆಸಿದ್ದಾನೆ.

ಮರುವರ್ಷವೇ, 1845ರಲ್ಲಿ, ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಯುವಕ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ರಬ್ಬರು ಬಳಿದ ಬಟ್ಟೆಯ ಕೊಳವೆ, ಅದರ ಮೇಲೆ ಚರ್ಮದ ಹೊದಿಕೆ, ಆ ಹೊದಿಕೆಯನ್ನು ಗಾಲಿಗೆ ಬೋಲ್ಟುಗಳಿಂದ ಬಿಗಿಯುವುದು, ಇದು ಅವನ ವ್ಯವಸ್ಥೆ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಗಾಡಿಗಳಿಗೆ ಹಾಕಿ ತೋರಿಸಿದ್ದೂ ಆಯಿತು. ಗಾಡಿ ಸದ್ದಿಲ್ಲದೆ ಹಗುರವಾಗಿ ಓಡಿತು. ಆದರೆ ಅಂಥ ಟೈರು ದುಬಾರಿ, ಹಾಕುವುದು ತೆಗೆಯುವುದು ದೊಡ್ಡ ರಗಳೆ. ಅದು ಬೇಕೇ ಬೇಕು ಎನ್ನುವ ಹಗುರವಾದ ವಾಹನವೂ ಆಗ ಇರಲಿಲ್ಲ. ಜನ ಅದನ್ನು ಮರೆತರು.

ನಲವತ್ತು ವರ್ಷಗಳ ಮೇಲೆ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯ, ಮಗನ ಮೂರು ಗಾಲಿಯ ಸೈಕಲ್ಲು ಕುಲುಕುವುದನ್ನು ನೋಡಲಾರದೆ, ಥಾಮ್ಸನ್ನನ ವಿಷಯ ತಿಳಿಯದೆಯೇ ಅದೇ ಉಪಾಯವನ್ನು ಮತ್ತೆ ಕಂಡುಕೊಂಡ. ಅವನ ಪೇಟೆಂಟ್ 1888ರದು. ಅಷ್ಟು ಹೊತ್ತಿಗೆ ಸೈಕಲ್ಲು ಬಂದಿತ್ತು. ಮರುವರ್ಷ ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ಗಾಳಿ ಟೈರಿನ ಸೈಕಲ್ಲು ಗೆದ್ದಾಗ, ಮೊದಲು ನಕ್ಕವರೇ ಅಂಗಡಿಗೆ ಓಡಿದರು. ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದು 1890ರಲ್ಲಿ ಡನ್‌ಲಪ್ಪನ ಹಕ್ಕು ಬಿದ್ದುಹೋಯಿತಾದರೂ ಹೆಸರು ಉಳಿಯಿತು.

ಡನ್‌ಲಪ್ಪನ ಉತ್ತರ ಅಂಟಿನದು. ಅವನ ಟೈರನ್ನು ಗಾಲಿಗೆ ಬಟ್ಟೆ ಸುತ್ತಿ, ರಬ್ಬರಿನ ಅಂಟು ಬಳಿದು ಕೂಡಿಸಬೇಕಿತ್ತು. ಕೂತದ್ದೇನೋ ಭದ್ರವಾಗಿಯೇ ಕೂರುತ್ತಿತ್ತು. ಆದರೆ ಒಂದು ಮುಳ್ಳು ಚುಚ್ಚಿದರೆ? ಪದರ ಪದರವಾಗಿ ಕೀಳಬೇಕು, ತೂತು ಹುಡುಕಬೇಕು, ಮುಚ್ಚಬೇಕು, ಮತ್ತೆ ಅಂಟಿಸಿ ಒಣಗಲು ಬಿಡಬೇಕು.

1889ರಲ್ಲಿ ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಪಟ್ಟಣದಲ್ಲಿ ನಡೆದದ್ದು ಇದೇ. ಅಲ್ಲಿನ ಮಿಷೆಲಿನ್ ಸಹೋದರರ ರಬ್ಬರು ಕಾರ್ಖಾನೆಗೆ ಸೈಕಲ್ ಸವಾರನೊಬ್ಬ ಪಂಚರಾದ ಡನ್‌ಲಪ್ ಟೈರನ್ನು ತಂದ. ಸರಿಪಡಿಸಲು ಮೂರು ಗಂಟೆ ಹಿಡಿಯಿತು. ಅಂಟು ಒಣಗಲು ಇಡೀ ರಾತ್ರಿ ಬೇಕಾಯಿತು. ಬೆಳಿಗ್ಗೆ ಎದುವಾರ್ ಮಿಷೆಲಿನ್ ಅದನ್ನೇರಿ ಹೊರಟರೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ಮತ್ತೆ ಹೋಯಿತು. ಗಾಳಿಯ ಮೇಲೆ ಓಡುವ ಸುಖವನ್ನು ಆತ ಆ ಸ್ವಲ್ಪ ದೂರದಲ್ಲೇ ಕಂಡಿದ್ದ. ಜೊತೆಗೆ ಇನ್ನೊಂದು ಮಾತೂ ಅವನಿಗೆ ಹೊಳೆದಿತ್ತು: ಈ ಟೈರು ಬದುಕಬೇಕಾದರೆ, ಯಾವ ತರಬೇತಿಯೂ ಇಲ್ಲದವನು ಅದನ್ನು ನಿಮಿಷಗಳಲ್ಲಿ ಬಿಚ್ಚಿ ಹಾಕುವಂತಿರಬೇಕು.

1891ರಲ್ಲಿ ಮಿಷೆಲಿನ್ನರ ಬಿಚ್ಚುವ ಟೈರು ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ, ಸುಮಾರು 1,200 ಕಿಲೋಮೀಟರಿನ ಸೈಕಲ್ ಪಂದ್ಯ ನಡೆಯಿತು. ಆ ಟೈರು ತೊಡಿಸಿದ ಸೈಕಲ್ಲಿನ ಮೇಲೆ ಶಾರ್ಲ್ ತೆರಾಂ ಸುಮಾರು 71 ಗಂಟೆಗಳಲ್ಲಿ ಗುರಿ ಮುಟ್ಟಿದ. ದಾರಿಯಲ್ಲಿ ಅವನಿಗೂ ಪಂಚರಾಗಿತ್ತು; ಬಿಚ್ಚಿ, ಸರಿಪಡಿಸಿ ಮುಂದೆ ಹೋಗಿದ್ದ. ಮರುವರ್ಷ ಪ್ಯಾರಿಸಿನಿಂದ ಕ್ಲೆರ್ಮಾಂ-ಫೆರಾಂಗೆ ನಡೆದ ಪಂದ್ಯದಲ್ಲಿ ಮಿಷೆಲಿನ್ನರು ತಾವೇ ರಸ್ತೆಗೆ ಮೊಳೆ ಚೆಲ್ಲಿಸಿ, ಪಂಚರ್ ಹಾಕುವುದು ಈಗ ಎಷ್ಟು ಸುಲಭ ನೋಡಿ ಎಂದು ಜನಕ್ಕೆ ತೋರಿಸಿದರು ಎಂಬ ಕಥೆಯೂ ಇದೆ. ರಸ್ತೆಗೆ ಮೊಳೆ ಎಸೆಯುವ ಚಾಳಿ ಅಷ್ಟು ಹಳೆಯದು!

ಆದರೆ ಇಂದು ಲೋಕವೆಲ್ಲ ಬಳಸುತ್ತಿರುವ ಉತ್ತರ ಮಿಷೆಲಿನ್ನರದೂ ಅಲ್ಲ. ಅದು ಬಂದದ್ದು ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬಾತ 1890ರಲ್ಲಿ ಪಡೆದ ಪೇಟೆಂಟಿನಿಂದ. ಅವನ ಉಪಾಯ ಬಳೆಗಾರನದೇ ಉಪಾಯ. ಟೈರಿನ ಅಂಚಿಗೆ ಹಿಗ್ಗದ ತಂತಿ ಇಡು. ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಮಾಡು. ಅಂಚಿನ ಒಂದು ಬದಿಯನ್ನು ಆ ತಗ್ಗಿಗೆ ಇಳಿಸಿದರೆ, ಎದುರು ಬದಿಯಲ್ಲಿ ಅಷ್ಟೇ ಸಡಿಲ ಸಿಗುತ್ತದೆ. ಆ ಸಡಿಲದಲ್ಲಿ ಟೈರು ರಿಮ್ಮಿನ ಅಂಚನ್ನು ದಾಟಿ ಒಳಗೆ ಕೂರುತ್ತದೆ. ಗಾಳಿ ತುಂಬಿದಾಗ ಎರಡೂ ಅಂಚುಗಳು ತಗ್ಗಿನಿಂದ ಮೇಲೆದ್ದು, ರಿಮ್ಮಿನ ಎರಡು ಬದಿಗೆ ಒತ್ತಿಕೊಂಡು ನಿಲ್ಲುತ್ತವೆ. ಇನ್ನು ಅದನ್ನು ಎಳೆದರೂ ಬರುವುದಿಲ್ಲ. ಕೈ ಮಡಿಸಿ ಬಳೆ ತೊಡಿಸಿದ ಹಾಗೆ.

ಇಷ್ಟು ಸರಳವಾದ ಉಪಾಯವೂ ಮೋಟಾರ್ ಸೈಕಲ್ಲಿನ ತನಕ ಬರಲು ಬಹಳ ಕಾಲ ಹಿಡಿಯಿತು. 1894ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮುಲ್ಲರ್ ಮೋಟಾರ್ ಸೈಕಲ್ಲಿಗೆ ಗಾಳಿಯ ಟೈರು ಇತ್ತು. ಆಮೇಲಿನ ದಶಕಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದದ್ದು, 1890ರಲ್ಲೇ ವಿಲಿಯಂ ಬಾರ್ಟ್ಲೆಟ್ ಪೇಟೆಂಟ್ ಪಡೆದಿದ್ದ ಬೇರೊಂದು ಬಗೆ. ಅದರಲ್ಲಿ ಟೈರಿನ ರಬ್ಬರಿನ ಅಂಚು ರಿಮ್ಮಿನ ಮಡಿಕೆಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತಿತ್ತು. ಗಾಳಿಯ ಒತ್ತಡವೇ ಅದನ್ನು ಹಿಡಿದಿಡಬೇಕಿತ್ತು. ವೇಗದಲ್ಲಿ ಗಾಳಿ ಹೋದರೆ ಟೈರೇ ಕಳಚಿ ಬೀಳುವ ಭಯ. 1920ರ ದಶಕದ ಕೊನೆಯ ಹೊತ್ತಿಗೆ ಎಂಜಿನ್ನುಗಳ ವೇಗ ಏರಿದಾಗ ತಂತಿಯ ಅಂಚು ಮತ್ತು ನಡುವೆ ತಗ್ಗಿರುವ ರಿಮ್ಮು ಅದರ ಜಾಗಕ್ಕೆ ಬಂದವು. ಅಂದಿನಿಂದ ಇಂದಿನವರೆಗೆ ಮೋಟಾರ್ ಸೈಕಲ್ಲಿನ ಮೂಲ ವ್ಯವಸ್ಥೆ ಅದೇ.

ಭಾರತದ ಮನೆಗಳಿಗೆ ಮಾತ್ರ ಮತ್ತೊಂದು ಉತ್ತರವೂ ಚಿರಪರಿಚಿತ. ವೆಸ್ಪಾ, ಲ್ಯಾಂಬ್ರೆಟಾ, 1972ರಲ್ಲಿ ಬಂದ ಬಜಾಜ್ ಚೇತಕ್ ಮುಂತಾದ ಸ್ಕೂಟರುಗಳ ಪುಟ್ಟ ಗಾಲಿ ಎರಡು ಹೋಳುಗಳದು. ಟೈರನ್ನು ದಾಟಿಸುವ ಗೋಜೇ ಇಲ್ಲ. ನಟ್ಟು ಬಿಚ್ಚಿ ಗಾಲಿಯನ್ನೇ ಎರಡು ಮಾಡಿ, ನಡುವೆ ಟೈರನ್ನಿಟ್ಟು ಮತ್ತೆ ಬಿಗಿದರಾಯಿತು. ಹಿಂದೆ ಒಂದು ಸ್ಟೆಪ್ನಿಯೂ ಇರುತ್ತಿತ್ತು. ಸ್ಟೆಪ್ನಿ ಎಂಬುದು ವೇಲ್ಸ್ ನಾಡಿನ ಲಾನೆಲಿ ಪಟ್ಟಣದ ಒಂದು ಬೀದಿಯ ಹೆಸರು. 1904ರ ಸುಮಾರಿಗೆ ಅಲ್ಲಿ ತಯಾರಾದ ಬದಲಿ ಗಾಲಿಯಿಂದಾಗಿ ಅದು ನಮ್ಮ ಮಾತಿನೊಳಗೂ ಸೇರಿತು. ಎರಡು ಹೋಳಿನ ಗಾಲಿಗೆ ಒಂದೇ ಕಟ್ಟುನಿಟ್ಟು: ಗಾಳಿಯನ್ನು ಪೂರ್ತಿ ಬಿಡದೆ ಹೋಳುಗಳನ್ನು ಸೇರಿಸುವ ನಟ್ಟುಗಳನ್ನು ಮುಟ್ಟಬಾರದು. ಒಳಗಿನ ಒತ್ತಡ ಲೋಹದ ಹೋಳನ್ನು ಕಲ್ಲಿನಂತೆ ಎಸೆಯಬಲ್ಲದು.

ಇನ್ನು ಅಂಗಡಿಯ ನೆಲದ ಮೇಲೆ ನಡೆಯುವ ಕೆಲಸವನ್ನು ನೋಡೋಣ. ಕಡ್ಡಿಗಳ ಗಾಲಿ, ಒಳಗೆ ಟ್ಯೂಬು ಇರುವ ಟೈರು ಎಂದಿಟ್ಟುಕೊಳ್ಳಿ. ಬಲ್ಲವನು ಮೊದಲು ವಾಲ್ವಿನ ಪಿನ್ನು ತೆಗೆದು ಗಾಳಿಯನ್ನೆಲ್ಲ ಬಿಡುತ್ತಾನೆ. ವಾಲ್ವಿನ ಬುಡದ ನಟ್ಟು ಕಳಚಿ, ಟೈರಿನ ಮೇಲೆ ನಿಂತು ತುಳಿದು ಎರಡೂ ಬದಿಯ ಅಂಚನ್ನು ರಿಮ್ಮಿನಿಂದ ಬಿಡಿಸುತ್ತಾನೆ. ಅನಂತರ ಅವನ ಮಂಡಿ ಒಂದು ಬದಿಯಲ್ಲಿ ಟೈರನ್ನು ಒತ್ತಿ ಹಿಡಿಯುತ್ತದೆ. ನೋಡುವವರಿಗೆ ಅದು ಗಾಲಿ ಅಲ್ಲಾಡದಿರಲೆಂದು ಮಾಡಿದಂತೆ ಕಾಣುತ್ತದೆ. ನಿಜವಾಗಿ ಇಡೀ ವಿದ್ಯೆ ಇರುವುದು ಆ ಮಂಡಿಯಲ್ಲಿ. ಅದು ಒತ್ತಿದ ಜಾಗದಲ್ಲಿ ಅಂಚು ತಗ್ಗಿಗೆ ಇಳಿದಿರುತ್ತದೆ. ಎದುರು ಬದಿಯಲ್ಲಿ ಕೈಯ ಲಿವರು ಸುಲಭವಾಗಿ ಅಂಚನ್ನು ಎತ್ತಿಬಿಡುತ್ತದೆ.

ಯಾವ ಬದಿಯಲ್ಲಿ ಎತ್ತಬೇಕು ಎಂಬುದಕ್ಕೂ ಲೆಕ್ಕವಿದೆ. ವಾಲ್ವು ಇರುವ ಜಾಗದಲ್ಲಿ ತಗ್ಗನ್ನು ಟ್ಯೂಬಿನ ದಪ್ಪ ಬುಡ ಆಕ್ರಮಿಸಿಕೊಂಡಿರುತ್ತದೆ. ಅಂಚು ಅಲ್ಲಿ ಇಳಿಯಲಾರದು. ಆದ್ದರಿಂದ ಬಿಚ್ಚುವಾಗ ವಾಲ್ವಿನ ಹತ್ತಿರ ಶುರು ಮಾಡಬೇಕು, ತೊಡಿಸುವಾಗ ವಾಲ್ವಿನ ಎದುರು ಬದಿಯಲ್ಲಿ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಬೇಕು. ಇದನ್ನು ಅರಿಯದವನು ಕೊನೆಯ ಗೇಣುದ್ದದ ಅಂಚಿನೊಂದಿಗೆ ಕುಸ್ತಿ ಆಡುತ್ತಾನೆ. ಉದ್ದನೆಯ ರಾಡು ತರುತ್ತಾನೆ, ಇನ್ನೊಬ್ಬನನ್ನು ಕರೆಯುತ್ತಾನೆ. ಟೈರೇನೋ ಕೂರುತ್ತದೆ, ಆದರೆ ಒಳಗೆ ಟ್ಯೂಬು ಲಿವರಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹರಿದಿರುತ್ತದೆ, ಅಥವಾ ತಂತಿಯೇ ಬಾಗಿರುತ್ತದೆ. ಬಲ ಬೇಕೆನಿಸಿದ ಕೂಡಲೇ ನಿಲ್ಲಿಸಿ, ಎದುರು ಬದಿ ತಗ್ಗಿನಲ್ಲಿದೆಯೇ ಎಂದು ನೋಡುವುದು ಈ ಕಸುಬಿನ ಮೊದಲ ಪಾಠ.

ಹೊಸ ಟೈರು ಹಾಕುವ ಮೊದಲು ಹಳೆಯದರ ಒಳಗೆ ಕೈಯಾಡಿಸಿ ಮುಳ್ಳು, ಮೊಳೆ ಎಲ್ಲಿತ್ತೆಂದು ನೋಡುತ್ತಾರೆ. ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ರಿಮ್ಮಿಗೆ ಸುತ್ತಿದ ರಬ್ಬರು ಪಟ್ಟಿ ಸರಿಯಿದೆಯೇ ಎಂದು ನೋಡುತ್ತಾರೆ. ಟೈರಿನ ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದು ಗಾಲಿ ಉರುಳುವ ದಿಕ್ಕಿಗೇ ಇರಬೇಕು. ಬಣ್ಣದ ಚುಕ್ಕೆಯೊಂದು ಟೈರಿನ ಹಗುರವಾದ ಜಾಗವನ್ನು ತೋರಿಸುತ್ತಿದ್ದರೆ ಅದನ್ನು ವಾಲ್ವಿನ ನೇರಕ್ಕೆ ತರುತ್ತಾರೆ, ವಾಲ್ವಿನ ತೂಕಕ್ಕೆ ಅದು ಸರಿದೂಗಲೆಂದು. ಟ್ಯೂಬಿಗೆ ದುಂಡಗೆ ನಿಲ್ಲುವಷ್ಟು ತುಸು ಗಾಳಿ ಹೊಡೆದು ಒಳಗಿಟ್ಟರೆ ಅದು ಮಡಿಚಿಕೊಳ್ಳುವುದಿಲ್ಲ. ಅಂಚಿಗೆ ಸೋಪಿನ ನೀರು ಸವರಿ, ಲಿವರಿನಲ್ಲಿ ಒಂದೊಂದು ಸಲಕ್ಕೆ ನಾಲ್ಕು ಬೆರಳಿನಷ್ಟೇ ದಾಟಿಸುತ್ತಾರೆ. ಗಾಳಿ ತುಂಬಿದ ಮೇಲೆ ಟೈರಿನ ಪಕ್ಕದಲ್ಲಿ ಅಂಚಿನ ಸಮೀಪ ಕಾಣುವ ತೆಳು ಗೆರೆ, ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿರಬೇಕು. ಎಲ್ಲಾದರೂ ಆ ಗೆರೆ ಒಳಗೆ ಮುಳುಗಿದ್ದರೆ ಅಲ್ಲಿ ಅಂಚು ತಗ್ಗಿನಿಂದ ಮೇಲೆ ಬಂದಿಲ್ಲ ಎಂದರ್ಥ. ಅಂಥ ಗಾಲಿ ಓಡುವಾಗ ಕುಂಟುತ್ತದೆ.

ಟೈರು ಕೂತರೆ ಕೆಲಸ ಮುಗಿಯುವುದಿಲ್ಲ. ಹಿಂದಿನ ಗಾಲಿ ಮರಳಿ ಕೂರುವಾಗ ಸರಪಳಿ ಅತಿ ಬಿಗಿಯೂ ಅತಿ ಸಡಿಲವೂ ಆಗಬಾರದು, ಗಾಲಿ ನೇರವಾಗಿರಬೇಕು. ಡ್ರಮ್ ಬ್ರೇಕಿನ ವಾಹನದಲ್ಲಿ ಬ್ರೇಕಿನ ತಟ್ಟೆ ತಿರುಗದಂತೆ ಹಿಡಿಯುವ ಪಟ್ಟಿಯ ಬೋಲ್ಟನ್ನು ಮರೆತರೆ, ಮೊದಲ ಸಲ ಜೋರಾಗಿ ಬ್ರೇಕು ಒತ್ತಿದಾಗ ಅದು ಸುತ್ತಿಕೊಂಡು ಗಾಲಿಯೇ ಕಚ್ಚಿ ನಿಲ್ಲಬಹುದು. ಹತ್ತು ನಿಮಿಷದ ಕೆಲಸದಲ್ಲಿ ಮರೆಯಲು ಇಷ್ಟೊಂದು ಸಂಗತಿಗಳಿವೆ.

ಇದರ ಗಾಂಭೀರ್ಯ ತಿಳಿಯಲು ಒಂದು ಚಿಕ್ಕ ಲೆಕ್ಕ ಸಾಕು. ಗಂಡ, ಹೆಂಡತಿ, ನಡುವೆ ಒಂದು ಮಗು ಕುಳಿತ ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿಯ ಮೇಲೆ 160 ಕಿಲೋ ಭಾರ ಬೀಳುತ್ತದೆ ಎನ್ನೋಣ. ಟೈರಿನಲ್ಲಿ ಚದರ ಸೆಂಟಿಮೀಟರಿಗೆ 2 ಕಿಲೋ ಒತ್ತಡದ, ಎಂದರೆ ಅಂಗಡಿಯವರ ಅಳತೆಯಲ್ಲಿ 28-29 ಪೌಂಡ್ ಗಾಳಿ ಇದೆ. ಹಾಗಾದರೆ ಟೈರು ನೆಲವನ್ನು ಮುಟ್ಟಿರುವ ಜಾಗ ಸುಮಾರು 80 ಚದರ ಸೆಂಟಿಮೀಟರು. ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಮಳೆಯಲ್ಲಿ, ತಿರುವಿನಲ್ಲಿ, ಎದುರಿಗೆ ಲಾರಿ ಬಂದಾಗ ಒಂದು ಸಂಸಾರವನ್ನು ನೆಲಕ್ಕೆ ಹಿಡಿದಿಡುವುದು ಹಿಂದೊಂದು, ಮುಂದೊಂದು ಅಂಗೈಯಗಲದ ರಬ್ಬರು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕಗಳು ಮಡಿದು ಬಿಚ್ಚಿ ಬಿಸಿಯೇರಿ ಸೀಳುತ್ತವೆ. ಗಾಳಿ ಮಿತಿಮೀರಿದರೆ ಆ ಅಂಗೈಯೂ ಕಿರಿದಾಗುತ್ತದೆ.

ಆದ್ದರಿಂದ ಟೈರಿನ ಮೈಮೇಲಿನ ಬರಹವನ್ನು ಓದಲು ಕಲಿಯುವುದು ಒಳ್ಳೆಯದು. 100/90-17 ಎಂದರೆ 100 ಮಿಲಿಮೀಟರು ಅಗಲ, ಆ ಅಗಲದ ನೂರಕ್ಕೆ 90ರಷ್ಟು ಎತ್ತರ, 17 ಇಂಚಿನ ರಿಮ್ಮು. ಹಳೆಯ ಪದ್ಧತಿಯಲ್ಲಿ 3.00-18 ಎಂದರೆ 3 ಇಂಚಿನ ಅಗಲ, 18 ಇಂಚಿನ ರಿಮ್ಮು. ಜೊತೆಗಿರುವ 55 ಪಿ ಎಂಬಂಥ ಗುರುತಿನಲ್ಲಿ ಅಂಕೆ ಹೊರಬಲ್ಲ ಭಾರವನ್ನೂ (55 ಎಂದರೆ 218 ಕಿಲೋ) ಅಕ್ಷರ ತಾಳಬಲ್ಲ ವೇಗವನ್ನೂ (ಪಿ ಎಂದರೆ ಗಂಟೆಗೆ 150 ಕಿಲೋಮೀಟರು) ಹೇಳುತ್ತವೆ. ತಯಾರಾದ ಕಾಲವನ್ನು ಹೇಳುವ ನಾಲ್ಕು ಅಂಕೆಗಳೂ ಇರುತ್ತವೆ: 2419 ಎಂದರೆ 2019ನೇ ವರ್ಷದ 24ನೇ ವಾರ. ಓಡದೆ ಇದ್ದರೂ ಬಿಸಿಲು ಗಾಳಿಗಳಿಗೆ ರಬ್ಬರು ಮುದಿಯಾಗುತ್ತದೆ, ಗಡುಸಾಗಿ ಬಿರಿಯುತ್ತದೆ. ಹೊಳೆಯುವ ಹಳೆಯ ಟೈರಿಗಿಂತ ಧೂಳು ಹಿಡಿದ ಹೊಸ ಟೈರು ಮೇಲು. ಪಟ್ಟೆಗಳ ನಡುವಿನ ಕಾಲುವೆಯಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಟೈರು ಸವೆದು ಆ ದಿಬ್ಬಗಳ ಮಟ್ಟಕ್ಕೆ ಬಂದರೆ ಅದರ ಆಯುಷ್ಯ ಮುಗಿಯಿತು. ಹೊಸ ಟೈರಿನ ಮೈ ನುಣುಪಾಗಿರುವುದರಿಂದ ಮೊದಲ ನೂರೈವತ್ತು ಕಿಲೋಮೀಟರು ನಿಧಾನವಾಗಿ ಓಡಿಸುವುದು ಜಾಣತನ.

ಈ ಟೈರಿನ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಅಧ್ಯಾಯವಿದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಮೋಟಾರ್ ಸೈಕಲ್ಲುಗಳು ತಯಾರಾದವು. ಜಾವಾದ ಹಿಂದಿನ ಗಾಲಿಯನ್ನು ಸರಪಳಿ ಬಿಚ್ಚದೆಯೇ ಎಳೆದು ತೆಗೆಯಬಹುದಿತ್ತು. ಕೈಗೆ ಗ್ರೀಸು ಮೆತ್ತದೆ ಪಂಚರ್ ಹಾಕಿಸಬಹುದೆಂದು ಸವಾರರು ಅದನ್ನು ಮೆಚ್ಚಿಕೊಂಡಿದ್ದರು. ಅದೇ ಊರಿನ ಫಾಲ್ಕನ್ ಟೈರ್ಸ್ ದ್ವಿಚಕ್ರ ವಾಹನಗಳ ಟೈರುಗಳನ್ನೂ, ವಿಕ್ರಾಂತ್ ಟೈರ್ಸ್ ದೊಡ್ಡ ವಾಹನಗಳ ಟೈರುಗಳನ್ನೂ ತಯಾರಿಸಿದವು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರುಗಳಲ್ಲಿ, 1964ರ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಬದುಕು ಕಟ್ಟಿಕೊಡಲು ಸರ್ಕಾರ ರಬ್ಬರು ತೋಟಗಳನ್ನು ಬೆಳೆಸಿತು. ಹೀಗೆ ಒಂದು ಕಾಲಕ್ಕೆ ರಬ್ಬರಿನ ಹಾಲು, ಟೈರು, ಮೋಟಾರ್ ಸೈಕಲ್ಲು ಮೂರೂ ಈ ನೆಲದವೇ ಆಗಿದ್ದವು. ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಮುಚ್ಚಿತು. ವಿಕ್ರಾಂತ್ 1997ರಲ್ಲಿ ಜೆ.ಕೆ. ಸಮೂಹದ ಕೈಸೇರಿತು. ಫಾಲ್ಕನ್ ಮುಂದೆ ನಷ್ಟಕ್ಕೆ ಸಿಕ್ಕಿ ಕೆಲಸ ನಿಲ್ಲಿಸಿತು. ಜಾವಾ ಎಂಬ ಹೆಸರು 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತಾದರೂ ಅದರ ತಯಾರಿಕೆ ಮೈಸೂರಿಗೆ ಮರಳಲಿಲ್ಲ.

ಕಾರ್ಖಾನೆಗಳು ಹೋದರೂ ಕಸುಬು ಉಳಿಯಿತು. ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಯಾವ ಊರಿಗೇ ಹೋಗಿ, ರಸ್ತೆ ಬದಿಯ ಮರಕ್ಕೆ ಹಳೆಯ ಟೈರೊಂದನ್ನು ನೇತುಹಾಕಿದ್ದರೆ ಅಲ್ಲೊಂದು ಪಂಚರ್ ಅಂಗಡಿ ಇದೆ ಎಂದೇ ಅರ್ಥ. ಬೆಂಗಳೂರಿನಲ್ಲಿ ಇಂಥ ಎಷ್ಟೋ ಅಂಗಡಿಗಳನ್ನು ಕೇರಳದಿಂದ ಬಂದವರು ನಡೆಸುತ್ತಾ ಬಂದಿದ್ದಾರೆ. ನೀರಿನ ಬೋಗುಣಿ, ಎರಡು ಲಿವರು, ಸೊಲ್ಯೂಷನ್ನಿನ ಡಬ್ಬಿ, ಒಂದು ಕಂಪ್ರೆಸರು, ಇಷ್ಟು ಬಂಡವಾಳ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುವುದು, ಆ ಜಾಗವನ್ನು ಉಜ್ಜಿ ಒರಟು ಮಾಡುವುದು, ಸೊಲ್ಯೂಷನ್ ಬೆರಳಿಗೆ ಅಂಟದಷ್ಟು ಆರುವವರೆಗೆ ಕಾಯುವುದು, ಇವನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಮೇಸ್ತ್ರಿಯ ಕೈ ನೋಡಿ ಹುಡುಗರು ಕಲಿಯುತ್ತಾರೆ. ಗಿರಾಕಿ ಅವಸರ ಮಾಡಿದಾಗ ಮೊದಲು ಕೈಬಿಟ್ಟುಹೋಗುವುದು ಈ ಕಾಯುವ ಕೆಲಸ. ಮರುದಿನ ಪ್ಯಾಚು ಬಿಟ್ಟುಕೊಂಡರೆ ಬೈಗುಳ ಮಾತ್ರ ಅಂಗಡಿಯವನಿಗೆ.

ಈಗ ಟ್ಯೂಬೇ ಇಲ್ಲದ ಟೈರುಗಳ ಕಾಲ. ಈ ಬಗೆಗೆ ಅಮೆರಿಕದ ಗುಡ್‌ರಿಚ್ ಕಂಪನಿಯ ಫ್ರಾಂಕ್ ಹೆರ್ಜೆಗ್ 1952ರಲ್ಲಿ ಪೇಟೆಂಟ್ ಪಡೆದ. ಕಡ್ಡಿಗಳ ಗಾಲಿಯಲ್ಲಿ ಪ್ರತಿ ಕಡ್ಡಿಗೂ ರಿಮ್ಮಿನಲ್ಲಿ ಒಂದೊಂದು ತೂತಿರುವುದರಿಂದ ಸಾಮಾನ್ಯವಾಗಿ ಗಾಳಿ ನಿಲ್ಲುವುದಿಲ್ಲ. ಎರಕದ ಅಲಾಯ್ ಗಾಲಿಗಳು ಬಂದ ಮೇಲೆ ಮೋಟಾರ್ ಸೈಕಲ್ಲಿಗೂ ಟ್ಯೂಬ್‌ಲೆಸ್ ಟೈರು ಒಗ್ಗಿತು. ಇದರ ಗುಣ ದೊಡ್ಡದು. ಟ್ಯೂಬಿಗೆ ಮೊಳೆ ಚುಚ್ಚಿದರೆ ಗಾಳಿ ಒಮ್ಮೆಗೇ ಹೋಗಿ ಗಾಲಿ ಓಲಾಡಬಹುದು. ಟ್ಯೂಬ್‌ಲೆಸ್ಸಿನಲ್ಲಿ ಮೊಳೆ ತಾನೇ ಬಿರಡೆಯಾಗಿ ಗಾಳಿ ಮೆಲ್ಲಗೆ ಇಳಿಯುತ್ತದೆ. ಗಾಲಿ ಬಿಚ್ಚದೆಯೇ ಹೊರಗಿನಿಂದ ರಬ್ಬರಿನ ಬತ್ತಿ ತುರುಕಿ ಮುಂದೆ ಹೋಗಬಹುದು. ಆದರೆ ಆ ಬತ್ತಿ ನೆಲ ಮುಟ್ಟುವ ಭಾಗದ ಸಣ್ಣ ತೂತಿಗೆ ಮಾತ್ರ ಸಲ್ಲುತ್ತದೆ. ಪಕ್ಕದ ತೆಳು ಗೋಡೆ ಸೀಳಿದ್ದರೆ ಬತ್ತಿ ಹಾಕಿ ಹೊರಡುವುದು ಜೀವದ ಜೊತೆ ಆಟ.

ಹೊಸ ಅನುಕೂಲದಿಂದ ಇನ್ನೊಂದು ಪರಿಣಾಮವೂ ಆಗಿದೆ. ಗಾಲಿಯನ್ನು ಬಿಚ್ಚುವ ಸಂದರ್ಭ ಅಪರೂಪವಾದಂತೆ ಬಿಚ್ಚಿ ಗೊತ್ತಿರುವ ಕೈಗಳೂ ಅಪರೂಪವಾಗುತ್ತಿವೆ. ಯಂತ್ರವಿಲ್ಲದ ಕಡೆ ಅಲಾಯ್ ಗಾಲಿಗೆ ಲಿವರು ಹಾಕಿ ಬಲಪ್ರಯೋಗ ಮಾಡಿದರೆ ರಿಮ್ಮಿನ ಅಂಚು ಕೆತ್ತಿಹೋಗಿ ಗಾಳಿ ಸೋರತೊಡಗುತ್ತದೆ. ಟ್ಯೂಬು ಹೋದರೂ ತಗ್ಗು ಹೋಗಿಲ್ಲ ಎಂಬುದನ್ನು ಮರೆಯಬಾರದು. ಯಂತ್ರದ ಮೇಲೆ ಹಾಕಿದರೂ ಎದುರು ಬದಿಯ ಅಂಚು ಆ ತಗ್ಗಿಗೆ ಇಳಿಯಲೇಬೇಕು. ವೆಲ್ಚ್ 1890ರಲ್ಲಿ ಹೇಳಿದ್ದು ಇಂದಿನ ಅತಿ ದುಬಾರಿ ಮೋಟಾರ್ ಸೈಕಲ್ಲಿಗೂ ಅನ್ವಯಿಸುತ್ತದೆ.

ಸಭಿಕರೆ, ಬೆಂಕಿಯಿಂದ ಬಿಗಿದ ಹಳಿಯನ್ನು ತೆಗೆಯಲು ಕಮ್ಮಾರನೇ ಬೇಕಿತ್ತು. ಅಂಟಿನಿಂದ ಕೂಡಿಸಿದ ಟೈರು ಒಂದು ರಾತ್ರಿ ಕಾಯಿಸುತ್ತಿತ್ತು. ತಗ್ಗಿನ ರಿಮ್ಮು ಬಂದ ಮೇಲೆ ಎರಡು ಕಬ್ಬಿಣದ ತುಂಡು ಮತ್ತು ಒಂದು ತಿಳಿದ ಮಂಡಿ ಸಾಕಾದವು. ಬಿಚ್ಚಲು ಬರುವ ವಸ್ತುವನ್ನು ಬಡವನೂ ಇಟ್ಟುಕೊಳ್ಳಬಲ್ಲ, ಯಾಕೆಂದರೆ ಅದು ಕೆಟ್ಟರೆ ಸರಿಪಡಿಸುವವರು ಊರಿನಲ್ಲೇ ಇರುತ್ತಾರೆ. ಮೋಟಾರ್ ಸೈಕಲ್ಲು ಹಾಲು ಮಾರುವವನ, ಮೇಷ್ಟ್ರ, ಔಷಧಿ ಕಂಪನಿಯ ಪ್ರತಿನಿಧಿಯ ಬದುಕಿನ ಭಾಗವಾದದ್ದು ಹೀಗೆ. ಒಳಗೆಲ್ಲ ಅಂಟು ಹಾಕಿ ಮುಚ್ಚಿದ, ಕೆಟ್ಟರೆ ಎಸೆಯಬೇಕಾದ ವಸ್ತುಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಆ ಹಳೆಯ ಪಾಠವನ್ನು ನೆನೆಯಬೇಕು.

ಮುಂದಿನ ಸಲ ಟೈರು ಹಾಕಿಸುವಾಗ ಅಂಗಡಿಯವನಿಗೆ ಅವಸರ ಮಾಡದೆ ಹತ್ತು ನಿಮಿಷ ಪಕ್ಕದಲ್ಲಿ ನಿಂತು ನೋಡಿದರೆ ನಷ್ಟವಿಲ್ಲ. ಬಾಣದ ದಿಕ್ಕು, ಅಂಚಿನ ಗೆರೆ, ನೆಟ್ಟಗಿರುವ ವಾಲ್ವು, ಬ್ರೇಕಿನ ಬೋಲ್ಟು, ಕೊನೆಗೆ ಗಾಳಿಯ ಅಳತೆ, ಈ ಐದನ್ನು ಕೇಳಿ ತಿಳಿದುಕೊಂಡರೆ ಕಸುಬು ಬಲ್ಲವನು ಬೇಸರಪಡುವುದಿಲ್ಲ. ತನ್ನ ಕೆಲಸವನ್ನು ನೋಡುವವರಿದ್ದಾರೆ ಎಂದು ಸಂತೋಷಪಡುತ್ತಾನೆ. ಬಳೆಗಾರನಿಗೆ ದುಡ್ಡಿನ ಜೊತೆ ಎಲೆ ಅಡಿಕೆ ಕೊಟ್ಟು ಕಳಿಸುವುದು ಈ ನಾಡಿನ ರೂಢಿ. ಗಾಲಿಗೆ ಬಳೆ ತೊಡಿಸುವವನಿಗೂ ಅಂಥದೊಂದು ಮರ್ಯಾದೆ ಸಲ್ಲಬೇಕು.